ಟೊರೆಂಟ್‌ನಿಂದ ಮ್ಯಾಗ್ನೆಟ್ ಲಿಂಕ್: ನಮ್ಮ ಸ್ಕ್ರಿಪ್ಟ್ ಎಲ್ಲಿಗೆ ಬಂತು

ಫೋಲ್ಡರಿನಲ್ಲಿರುವ ಟೊರೆಂಟ್ ಫೈಲುಗಳನ್ನೆಲ್ಲ (ಜನ ಒಬ್ಬರಿಂದೊಬ್ಬರು ನೇರವಾಗಿ ಇಳಿಸಿಕೊಳ್ಳಲು ನೆರವಾಗುವ ಪುಟ್ಟ ಫೈಲುಗಳು) ಓದಿ, ಒಂದೊಂದಕ್ಕೂ ಮ್ಯಾಗ್ನೆಟ್ ಲಿಂಕ್ (ಆ ಫೈಲಿನ ಬದಲು ಕಳಿಸಬಹುದಾದ ಒಂದು ಸಾಲಿನ ವಿಳಾಸ) ಬರೆದುಕೊಡುವ ಪೈಥಾನ್ ಸ್ಕ್ರಿಪ್ಟ್ ಈಗ ಓಡುತ್ತಿದೆ. ಡೆಬಿಯನ್ ಲಿನಕ್ಸ್‌ನ ಐಎಸ್‌ಒಗಳು (ಇನ್‌ಸ್ಟಾಲ್ ಮಾಡುವ ಡಿಸ್ಕ್ ಫೈಲುಗಳು), ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕ ಹಳೆಯ ಕನ್ನಡ ಪುಸ್ತಕಗಳು, ನಾವೇ ತೆಗೆದ ಹಳೇಬೀಡಿನ ಶಿಲ್ಪಗಳ ಫೋಟೊಗಳು ಇವೆಲ್ಲ ಹಾಸನ, ಸಕಲೇಶಪುರ, ಅರಸೀಕೆರೆಯ ಗೆಳೆಯರಿಗೆ ಸುಲಭವಾಗಿ ಸಿಗಬೇಕು. ಲಿಂಕ್ ಆದರೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಹಾಕಿದರಾಯಿತು.

ಟೊರೆಂಟ್ ಫೈಲಿನೊಳಗೆ ‘ಇನ್ಫೊ’ ಎಂಬ ಭಾಗವಿದೆ. ಫೈಲುಗಳ ಹೆಸರು, ಗಾತ್ರ, ತುಣುಕುಗಳ ಹ್ಯಾಶ್ (ಒಳಗಿನ ಬೈಟುಗಳಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಗುರುತು) ಎಲ್ಲ ಇರುವುದು ಅಲ್ಲೇ. ಆ ಭಾಗಕ್ಕಷ್ಟೇ ಎಸ್‌ಎಚ್‌ಎ-1 ಎಂಬ ವಿಧಾನದಿಂದ ಹ್ಯಾಶ್ ಲೆಕ್ಕ ಹಾಕಿದರೆ 20 ಬೈಟ್, ಅಂದರೆ 40 ಹೆಕ್ಸ್ ಅಕ್ಷರ ಬರುತ್ತದೆ. ಮ್ಯಾಗ್ನೆಟ್ ಲಿಂಕಿನ ಜೀವಾಳ ಅದೇ. ಹೆಸರು, ಟ್ರ್ಯಾಕರ್ (ಫೈಲು ಯಾರ ಬಳಿ ಇದೆ ಎಂದು ತಿಳಿಸುವ ಸರ್ವರ್) ವಿಳಾಸಗಳು ಜೊತೆಗೆ ಸೇರುತ್ತವೆ, ಅಷ್ಟೆ.

ನಾನು ಹೆಚ್ಚು ಹೊತ್ತು ಕೂತಿದ್ದು ಕನ್ನಡ ಹೆಸರುಗಳ ಮೇಲೆ. ಬೆನ್‌ಕೋಡ್ (ಟೊರೆಂಟ್ ಫೈಲನ್ನು ಬರೆಯುವ ವಿಧಾನ) ಪ್ರತಿ ಪಠ್ಯದ ಮುಂದೆ ಅದರ ಉದ್ದವನ್ನು ಬೈಟುಗಳಲ್ಲಿ ಬರೆಯುತ್ತದೆ. ‘ಹಳೇಬೀಡು’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ 7 ಸಂಕೇತ, ಅವನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ 21 ಬೈಟ್. ಸಾಲದ್ದಕ್ಕೆ ‘ಳೇ’, ‘ಬೀ’ ಎರಡರ ದೀರ್ಘವನ್ನೂ ಬಿಡಿಸಿ ಬರೆಯುವ ರೂಪವೊಂದಿದೆ. ಆಗ ಅದೇ ಊರಿನ ಹೆಸರು 27 ಬೈಟ್! ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಹ್ಯಾಶ್ ಮಾತ್ರ ಪೂರ್ತಿ ಬೇರೆ. ಆದ್ದರಿಂದ ಇನ್ಫೊ ಭಾಗವನ್ನು ಬಿಡಿಸಿ ಮತ್ತೆ ಕಟ್ಟುವ ಗೋಜೇ ಬೇಡವೆಂದು ತೀರ್ಮಾನಿಸಿದೆ. ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆಂದು ಗುರುತಿಸಿ, ಮೂಲ ಬೈಟುಗಳನ್ನು ಇದ್ದಹಾಗೇ ಎತ್ತಿ ಹ್ಯಾಶ್‌ಗೆ ಕೊಡುವುದು. ಟೊರೆಂಟ್ ಫೈಲಿನ ವಿವರ ಕೊಡುವ ಟ್ರಾನ್ಸ್‌ಮಿಷನ್-ಶೋ ಎಂಬ ಪ್ರೋಗ್ರಾಂ ತೋರಿಸುವ ಹ್ಯಾಶ್ ಜೊತೆ ಹೋಲಿಸಿ ನೋಡಿದೆ, ತಾಳೆಯಾಯಿತು.

ಲಿಂಕಿಗೆ ಹಾಕುವಾಗ ಆ 21 ಬೈಟ್ ಶೇಕಡಾ ಚಿಹ್ನೆಗಳ ಸಮೇತ 63 ಅಕ್ಷರವಾಗುತ್ತದೆ. ಉದ್ದವಾದರೂ ಹೆಸರು ಇರಲಿ. ಅದಿಲ್ಲದಿದ್ದರೆ ಪಡೆಯುವವರಿಗೆ ಮೊದಲು ಕಾಣುವುದು ಬರೀ ಹ್ಯಾಶ್; ಏನು ಇಳಿಯುತ್ತಿದೆ ಎಂದು ಗೊತ್ತಾಗುವುದು ಹೇಗೆ?

ಲಿಂಕ್ ಸಿಕ್ಕಿತೆಂದು ಟೊರೆಂಟ್ ಫೈಲುಗಳನ್ನು ಅಳಿಸಬೇಡಿ ಎಂದು ಗೆಳೆಯರಿಗೆಲ್ಲ ಹೇಳಿದ್ದೇನೆ. ಲಿಂಕ್ ಹಿಡಿದು ಹೊರಟವರು ಇನ್ಫೊ ಭಾಗವನ್ನು ಮೊದಲು ಇನ್ನೊಬ್ಬರಿಂದಲೇ ಪಡೆಯಬೇಕು. ಇಂಟರ್ನೆಟ್ ಆರ್ಕೈವ್‌ನ ಪುಸ್ತಕಗಳಿಗೆ ವೆಬ್ ಸೀಡ್ (ಸೈಟಿನಿಂದಲೇ ನೇರವಾಗಿ ಇಳಿಯುವ ಅನುಕೂಲ) ಇದ್ದರೂ ಅದು ಕೊಡುವುದು ಪುಸ್ತಕವನ್ನೇ ಹೊರತು ಇನ್ಫೊವನ್ನಲ್ಲ. ಆನ್‌ಲೈನ್‌ನಲ್ಲಿ ಯಾರೂ ಇಲ್ಲದಿದ್ದರೆ ಲಿಂಕ್ ಸುಮ್ಮನೆ ಕಾಯುತ್ತದೆ. ಟೊರೆಂಟ್ ಫೈಲ್ ಇದ್ದವರಿಗೆ ಆಗಲೂ ಪುಸ್ತಕ ಇಳಿಯುತ್ತದೆ.

ಬಾಕಿ ಇರುವುದು ಎರಡನೇ ಆವೃತ್ತಿಯ ಟೊರೆಂಟ್‌ಗಳು. ಅವಕ್ಕೆ ಎಸ್‌ಎಚ್‌ಎ-256 ಬೇಕು, ಲಿಂಕಿನ ಪೂರ್ವಪದವೂ ಬೇರೆ. ಸದ್ಯಕ್ಕೆ ಸ್ಕ್ರಿಪ್ಟ್ ಅಂಥವನ್ನು ಗುರುತಿಸಿ ಬೇರೆ ಪಟ್ಟಿಗೆ ಹಾಕುತ್ತದೆ.