ನನ್ನ ಮನೆಗೆ ನಾನು ಬರೋಕೆ ಕೇಳ್ಬೇಕೇನ್ರೀ?

ಮಂಗಳವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ನನ್ನ ಮನೆಗೆ ನಾನು ಬರೋಕೆ ನಿಮ್ಮನ್ನ ಕೇಳ್ಬೇಕೇನ್ರೀ?"

ಹೇಳಿದ್ದು ನಮ್ಮ ಓನರ್. ಹೇಳುವಾಗ ಅವರು ನಿಂತಿದ್ದದ್ದು ನಮ್ಮ ಹಾಲ್‌ನಲ್ಲಿ. ನಾನು ನಿಂತಿದ್ದದ್ದು ಬಚ್ಚಲಮನೆ ಬಾಗಿಲಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು. ನೈಟಿ ಹಾಕಿಕೊಂಡೇ ಹೊರಗೆ ಬಂದಿದ್ದೆ ಅನ್ನುವುದೇ ಪುಣ್ಯ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸ್ನಾನಕ್ಕೆ ಹೋಗುವಾಗ ಖಾಲಿ ಇದ್ದ ಹಾಲ್‌ನಲ್ಲಿ, ಬರುವಾಗ ಒಬ್ಬ ಗಂಡಸು ಗೋಡೆ ನೋಡುತ್ತಾ ನಿಂತಿದ್ದಾರೆ. ಎದೆ ಧಸಕ್ ಅಂತು. ಮುಖ ಗೊತ್ತಾದ ಮೇಲೂ ಆ ನಡುಕ ಇಳಿಯಲಿಲ್ಲ.

ಬೆಲ್ ಒತ್ತಿರಬಹುದು, ನೀರಿನ ಸದ್ದಿಗೆ ಕೇಳಿಸಿರಲಿಕ್ಕಿಲ್ಲ ಅಂತ ಅವರ ಪರವಾಗಿ ನಾನೇ ವಾದ ಮಾಡಿಕೊಂಡೆ. ಆದರೆ ನಮ್ಮ ಬೆಲ್ ಒತ್ತಿದರೆ ಪಕ್ಕದ ಮನೆಯವರೂ ಬಂದು ಬಾಗಿಲು ತೆಗೆಯುತ್ತಾರೆ, ಅಂಥ ಬೆಲ್ ಅದು.

"ಅಯ್ಯೋ ಸರ್, ಯಾವಾಗ ಬಂದ್ರಿ?" ಅಂದೆ. ಅಷ್ಟೇ ನಾನು ಅಂದದ್ದು. ಅದರಲ್ಲಿ ಜಗಳ ಇರಲಿಲ್ಲ, ಬರೀ ಗಾಬರಿ ಇತ್ತು. ಆದರೆ ಅವರಿಗೆ ಅದು ಪ್ರಶ್ನೆಯ ಹಾಗೆ ಕೇಳಿಸಿತು. ಬಾಡಿಗೆಯವರು ಪ್ರಶ್ನೆ ಕೇಳುವುದು ಅವರಿಗೆ ಅಭ್ಯಾಸ ಇಲ್ಲ. ಹುಬ್ಬು ಮೇಲೆ ಹೋಯಿತು. ಆಗ ಬಂತು ಆ ಮಾತು. ಅದಕ್ಕೆ ನಾನು ಕೊಟ್ಟ ಉತ್ತರ: "ಹಾಗಲ್ಲ ಸರ್, ಕೂತ್ಕೊಳ್ಳಿ."

ನಮ್ಮದೇ ಕುರ್ಚಿ ಅವರ ಕಡೆಗೆ ಎಳೆದುಕೊಟ್ಟೆ ಬೇರೆ.

ಅವರ ಕೈಯಲ್ಲಿ ಒಂದು ದೊಡ್ಡ ಕೀ ಗೊಂಚಲು ಇರುತ್ತದೆ. ಜೇಬಿಗೆ ಹಾಕಿಕೊಳ್ಳುವುದಿಲ್ಲ, ಕೈಯಲ್ಲೇ ಹಿಡಿದುಕೊಂಡಿರುತ್ತಾರೆ. ಪ್ರತಿ ಕೀಗೂ ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರ್ ಸುತ್ತಿ, ಅದರ ಮೇಲೆ ಬಾಲ್ ಪೆನ್ನಲ್ಲಿ ಮನೆ ನಂಬರ್ ಬರೆದಿದ್ದಾರೆ. ನಮ್ಮದು 4. ಪ್ಲಾಸ್ಟರ್‌ನ ಅಂಚು ಕಪ್ಪಾಗಿ ಸುರುಟಿಕೊಂಡಿದೆ. ಮಾತಾಡುವಾಗ ಅವರು ಆ ಗೊಂಚಲನ್ನು ಜಪಮಣಿಯ ಹಾಗೆ ಒಂದೊಂದೇ ಕೀ ದಾಟಿಸುತ್ತಾ ಹೋಗುತ್ತಾರೆ. ನಾನು ಅವತ್ತು ಅವರ ಮುಖಕ್ಕಿಂತ ಜಾಸ್ತಿ ಆ 4ನ್ನೇ ನೋಡುತ್ತಿದ್ದೆ.

ಬಂದದ್ದು ಯಾಕೆ ಅಂದರೆ, ನಾವೇ ಕರೆದಿದ್ದೆವು. ಅದೇ ತಮಾಷೆ. ಮಲಗುವ ಕೋಣೆಯ ಚಾವಣಿಯಲ್ಲಿ ನೀರು ಜಿನುಗುತ್ತಿದೆ, ನೋಡಿ ಸರ್ ಅಂತ ಎಷ್ಟೋ ದಿನದಿಂದ ಹೇಳುತ್ತಿದ್ದೇವೆ. "ನೋಡೋಣ" ಅನ್ನುತ್ತಲೇ ಇದ್ದರು. ಕೊನೆಗೂ ಬಂದರು. ಬಂದವರು ನೋಡಿದ್ದು ಮೊಳೆಗಳನ್ನು. ಹಾಲ್‌ನ ಗೋಡೆಯಲ್ಲಿ ಎಷ್ಟು ಮೊಳೆ ಹೊಡೆದಿದ್ದೀರಿ, ಈ ತೂತು ಮೊದಲೇ ಇತ್ತಾ, ಈ ಕ್ಯಾಲೆಂಡರ್ ಹಿಂದೆ ಏನಿದೆ. ಕ್ಯಾಲೆಂಡರ್ ಎತ್ತಿಯೂ ನೋಡಿದರು. ಒಂದು ತೂತಿನೊಳಗೆ ಕಿರುಬೆರಳಿನ ಉಗುರು ಹಾಕಿ ಸ್ವಲ್ಪ ಸುಣ್ಣ ಕೆರೆದು, ಅದನ್ನು ನನ್ನ ಕಡೆ ಹಿಡಿದು ತೋರಿಸಿದರು. ಅವರ ಪ್ರಕಾರ ಅದು ಸಾಕ್ಷಿ. ಚಾವಣಿ ನೋಡದೇ ಹೋದರು. ಅದರ ಕೆಳಗೆ ನಾನಿಟ್ಟ ಬಕೆಟ್ ಹಾಗೇ ಇದೆ.

ನಮ್ಮ ಓನರ್ ಬಗ್ಗೆ ಎಲ್ಲರೂ ಹೇಳುವುದು ಒಂದೇ: "ಮನುಷ್ಯ ಒಳ್ಳೆಯವರೇ, ಮಾತು ಸ್ವಲ್ಪ ಒರಟು." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಒರಟು ಮಾತು ಬಿಟ್ಟು ಉಳಿದ ಒಳ್ಳೆಯತನ ಯಾರಿಗೂ ಕಾಣಿಸಿದ್ದನ್ನು ನಾನು ನೋಡಿಲ್ಲ. ಅವರ ಹೆಂಡತಿ ನಿಜಕ್ಕೂ ಒಳ್ಳೆಯವರು, ಆದರೆ ಅವರ ಒಳ್ಳೆಯತನ ಗಂಡ ಮನೆಯಲ್ಲಿ ಇಲ್ಲದಾಗ ಮಾತ್ರ ಕೆಲಸ ಮಾಡುತ್ತದೆ. ಕೆಳಗಿನ ಮನೆಯವರು ನಮಗಿಂತ ಹಳಬರು. ಸಂಜೆ ಅವರ ಹತ್ತಿರ ಹೇಳಿಕೊಂಡರೆ, "ಅಡ್ಜಸ್ಟ್ ಮಾಡ್ಕೊಳಿ, ನಮ್ಮನೆಗೂ ಹಾಗೇ ಬರ್ತಾರೆ, ನಾವು ಒಳಗಿಂದ ಚಿಲಕ ಹಾಕ್ಕೊಂಡೇ ಇರ್ತೀವಿ" ಅಂದರು. ಅಷ್ಟು ಸಲೀಸಾಗಿ, ಹವಾಮಾನದ ಸುದ್ದಿ ಹೇಳಿದಂತೆ ಹೇಳಿದರು.

ಇನ್ನು ನನ್ನ ಗಂಡ. ರಾತ್ರಿ ವಿಷಯ ಕೇಳಿ ಕೆಂಡಾಮಂಡಲ ಆದರು. "ನಾನಿದ್ದಿದ್ರೆ ನೋಡ್ತಿದ್ದೆ" ಅಂದರು. ಹೋದ ಸಲ ಅವರು ಇದ್ದಾಗಲೇ ಓನರ್ ಬಂದು ಬಾಲ್ಕನಿಯ ಗಿಡದ ಕುಂಡ ಎತ್ತಿಸಿದ್ದರು. ಎತ್ತಿದ್ದು ಇವರೇ.

ರಾತ್ರಿ ಮಲಗಿದ ಮೇಲೆ ಆ ಮಾತಿಗೆ ನಾನು ಉತ್ತರ ಕೊಡುತ್ತಲೇ ಇದ್ದೆ. "ಹೌದು ಸರ್, ಕೇಳ್ಬೇಕು." ಒಮ್ಮೆ ಮೆತ್ತಗೆ, ಒಮ್ಮೆ ಖಾರವಾಗಿ. ಒಮ್ಮೆ ಇಂಗ್ಲಿಷ್‌ನಲ್ಲೂ ಹೇಳಿ ನೋಡಿದೆ, ಅದು ಯಾರೋ ಬೇರೆಯವರು ಮಾತಾಡಿದ ಹಾಗಿತ್ತು. ಪ್ರತಿ ಸಲವೂ ಅವರು ತಬ್ಬಿಬ್ಬಾಗಿ ಕ್ಷಮೆ ಕೇಳಿ ಹೋಗುತ್ತಿದ್ದರು. ಕನಸಿಗೆ ಖರ್ಚಿಲ್ಲವಲ್ಲ.

ಮಾರನೇ ದಿನ ನನ್ನ ಗೆಳತಿಗೆ ಫೋನ್ ಮಾಡಿದೆ. ಅವಳು ವಕೀಲೆ. ನಾನು ಅಳು ಮುಖದಲ್ಲಿ ಹೇಳಿದರೆ ಅವಳು ನಕ್ಕಳು. "ಕೇಳ್ಬೇಕು ಅಂತ 1882ರಲ್ಲೇ ಬರೆದಿಟ್ಟಿದ್ದಾರೆ ಕಣೇ" ಅಂದಳು. ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್. ಬಾಡಿಗೆಯವರು ಬಾಡಿಗೆ ಕಟ್ಟಿಕೊಂಡು, ಕರಾರಿನಂತೆ ನಡೆದುಕೊಂಡಿದ್ದರೆ, ಕರಾರಿನ ಅವಧಿ ಮುಗಿಯುವವರೆಗೆ ಅಡಚಣೆ ಇಲ್ಲದೆ ಆ ಜಾಗದಲ್ಲಿ ಇರಬಹುದು ಅಂತ ಅದರಲ್ಲಿದೆ. ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದುಕೊಂಡಿಲ್ಲದಿದ್ದರೆ ಮಾಲೀಕರು ಈ ಮಾತು ಕೊಟ್ಟ ಹಾಗೇ ಲೆಕ್ಕ. ಅಂದರೆ ಮನೆ ಅವರದ್ದೇ, ಆದರೆ ಅದರಲ್ಲಿ ಇರುವ ಹಕ್ಕನ್ನು ಅಷ್ಟು ದಿನಕ್ಕೆ ನಮಗೆ ಕೊಟ್ಟಿದ್ದಾರೆ. ಸುಮ್ನೆ ಕೊಟ್ಟಿಲ್ಲ, ತಿಂಗಳು ತಿಂಗಳು ಅದಕ್ಕೆ ದುಡ್ಡು ಎಣಿಸಿಕೊಂಡಿದ್ದಾರೆ.

2021ರಲ್ಲಿ ಕೇಂದ್ರ ಸರ್ಕಾರ ಒಂದು ಮಾದರಿ ಬಾಡಿಗೆ ಕಾಯ್ದೆ ತಂದು ರಾಜ್ಯಗಳಿಗೆ ಕಳಿಸಿದೆಯಂತೆ. ಅದರಲ್ಲಿ ಇನ್ನೂ ಬಿಡಿಸಿ ಬರೆದಿದ್ದಾರೆ. ಮನೆಯೊಳಗೆ ಬರಬೇಕಾದರೆ ಮಾಲೀಕರು ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕು, ಮೊಬೈಲಿನಲ್ಲಿ ತಿಳಿಸಿದರೂ ಆಗುತ್ತದೆ. ಸೂರ್ಯ ಹುಟ್ಟುವ ಮೊದಲು, ಮುಳುಗಿದ ಮೇಲೆ ಬರುವ ಹಾಗಿಲ್ಲ. ಬೆಂಕಿ, ಪ್ರವಾಹದಂಥ ತುರ್ತು ಇದ್ದರೆ ಬೇರೆ ಮಾತು. "ಆದ್ರೆ ಅದು ಮಾದರಿ ಅಷ್ಟೇ. ರಾಜ್ಯ ತನ್ನದೇ ಕಾನೂನಾಗಿ ತಂದ್ರೆ ಮಾತ್ರ ನಡೆಯುತ್ತೆ. ಅದನ್ನ ಹಿಡ್ಕೊಂಡು ಹೋಗಿ ಜಗಳ ಆಡ್ಬೇಡ" ಅಂತ ಎಚ್ಚರಿಕೆಯನ್ನೂ ಕೊಟ್ಟಳು. ನಾನು ಜಗಳ ಆಡುವವಳು ಅಂತ ಅವಳಾದರೂ ಅಂದುಕೊಂಡಿದ್ದಾಳಲ್ಲ ಅಂತ ಖುಷಿಯಾಯಿತು.

ಫೋನ್ ಇಟ್ಟ ಮೇಲೆ ಯೋಚನೆ ಹತ್ತಿತು. ಕಾನೂನು ಗೊತ್ತಿಲ್ಲದೆ ನಾನು ಕುರ್ಚಿ ಎಳೆದುಕೊಟ್ಟೆನಾ? ಸೆಕ್ಷನ್ ನಂಬರ್ ಬಾಯಿಪಾಠ ಇದ್ದಿದ್ದರೂ ಕುರ್ಚಿ ಎಳೆದೇ ಎಳೆಯುತ್ತಿದ್ದೆ. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ರಟ್ಟಿನ ಡಬ್ಬಗಳು. ಮನೆ ಖಾಲಿ ಮಾಡಿ ಅಂದುಬಿಟ್ಟರೆ? ಮಗಳ ಸ್ಕೂಲ್ ವರ್ಷ ಅರ್ಧದಲ್ಲಿದೆ. ಗ್ಯಾಸ್, ಬ್ಯಾಂಕ್, ಆಧಾರ್ ಎಲ್ಲದರಲ್ಲೂ ಈ ವಿಳಾಸ ಇದೆ. ಅಡ್ವಾನ್ಸ್ ಅವರ ಹತ್ತಿರ ಇದೆ. ಹೊಸ ಮನೆಗೆ ಇನ್ನೊಂದು ಅಡ್ವಾನ್ಸ್ ಕೊಟ್ಟ ಮೇಲೇ ಇದು ವಾಪಸ್ ಬರುವುದು, ಅದೂ ಆ ಮೊಳೆ ತೂತುಗಳ ಲೆಕ್ಕ ಕಳೆದು. ಅವರು ದನಿ ಏರಿಸದಿದ್ದರೂ ನಾನು ಇಷ್ಟೇ ಹೆದರುತ್ತಿದ್ದೆ. ಎಷ್ಟು ಮೆತ್ತಗೆ ಮಾತಾಡುವ ಓನರ್ ಆದರೂ ಈ ಲೆಕ್ಕ ಬದಲಾಗುವುದಿಲ್ಲ. ನಮ್ಮವರು ಅದನ್ನು ಬಚ್ಚಿಡುವುದಿಲ್ಲ, ಕೀ ಗೊಂಚಲಿನ ಹಾಗೆ ಕೈಯಲ್ಲೇ ಹಿಡಿದು ಓಡಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಬೈದ ಮೇಲೆ ಇನ್ನೊಂದು ವಿಷಯವನ್ನೂ ಹೇಳಬೇಕು. ಅವರಿಗೂ ಭಯ ಇದೆ. ನಾವು ಮನೆ ನೋಡಲು ಬಂದ ದಿನವೇ ಅವರು ಒಬ್ಬ ಹಳೇ ಬಾಡಿಗೆಯವರ ಕಥೆ ಹೇಳಿದ್ದರು. ಆತ ಬಾಡಿಗೆಯನ್ನೂ ಕೊಡದೆ, ಖಾಲಿಯನ್ನೂ ಮಾಡದೆ ಕೋರ್ಟಿಗೆ ಎಳೆದನಂತೆ. ಕೊನೆಗೆ ಮನೆ ಬಿಡಿಸಿಕೊಳ್ಳಲು ಇವರೇ ಕೈಯಿಂದ ದುಡ್ಡು ಕೊಟ್ಟರಂತೆ. ನಿಜವೋ ಉಪ್ಪು ಖಾರ ಹಚ್ಚಿದ್ದೋ, ಹೇಳುವಾಗ ಅವರ ದನಿ ಮಾತ್ರ ಒರಟಾಗಿರಲಿಲ್ಲ. "ಹನ್ನೆರಡು ವರ್ಷ ಇದ್ಬಿಟ್ರೆ ಮನೆ ಅವರದ್ದೇ ಆಗೋಗುತ್ತಂತೆ, ಗೊತ್ತಾ?" ಅಂತ ಕೇಳಿದ್ದರು. ನಮ್ಮನ್ನೇ ನೋಡುತ್ತಾ ಕೇಳಿದ್ದರು, ನಾವು ಆಗಲೇ ದಿನ ಎಣಿಸಲು ಶುರು ಮಾಡಿದ್ದೇವೇನೋ ಅನ್ನುವ ಹಾಗೆ.

ಅದನ್ನೂ ಗೆಳತಿಗೆ ಕೇಳಿದೆ. 1963ರ ಕಾಲಮಿತಿ ಕಾಯ್ದೆಯಲ್ಲಿ ಹನ್ನೆರಡು ವರ್ಷದ ಮಾತು ಇರುವುದು ನಿಜ. ಆದರೆ ಅದು ಮಾಲೀಕರ ಒಪ್ಪಿಗೆ ಇಲ್ಲದೆ, ಅವರ ಹಕ್ಕಿಗೆ ವಿರುದ್ಧವಾಗಿ ಕೂತವರ ವಿಷಯ. ಒಪ್ಪಿಗೆ ಪಡೆದು ಬಾಡಿಗೆ ಕಟ್ಟಿಕೊಂಡು ಇರುವವರು ಎಷ್ಟು ವರ್ಷ ಇದ್ದರೂ ಬಾಡಿಗೆಯವರೇ. ನಮ್ಮ ಓನರ್ ಯಾವುದಕ್ಕೆ ಇಷ್ಟು ವರ್ಷ ನಿದ್ದೆ ಕೆಟ್ಟಿದ್ದಾರೋ ಅದು ನಮ್ಮಂಥವರಿಂದ ಆಗುವುದೇ ಇಲ್ಲ. ಯಾರಾದರೂ ಅವರಿಗೆ ಕೂರಿಸಿಕೊಂಡು ಹೇಳಿದ್ದರೆ ಒಳ್ಳೆಯದಿತ್ತು. ಆ 11 ತಿಂಗಳ ಅಗ್ರಿಮೆಂಟನ್ನೂ ಅವರು ಇದೇ ಭಯದಿಂದ ಮಾಡಿಸುವುದು. ಅಸಲಿಗೆ 11 ತಿಂಗಳಿಗೂ ಹನ್ನೆರಡು ವರ್ಷಕ್ಕೂ ಸಂಬಂಧವೇ ಇಲ್ಲ. ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದುಕೊಂಡರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಆ ಖರ್ಚು ಓಡಾಟ ಬೇಡ ಅಂತ ಶುರುವಾದ ರೂಢಿ ಅದು.

ಹೀಗೆ ಅವರು ನಮಗೆ ಹೆದರಿಕೊಂಡು ಕೀ ಹಿಡಿದು ಬರುತ್ತಾರೆ. ಅವರು ಬರುತ್ತಾರೆ ಅಂತ ಕೆಳಗಿನವರು ಚಿಲಕ ಹಾಕುತ್ತಾರೆ. ಚಿಲಕ ಕಂಡರೆ ಅವರಿಗೆ ಒಳಗೇನೋ ನಡೆಯುತ್ತಿದೆ ಅಂತ ಅನುಮಾನ. ಇದನ್ನು ಯೋಚಿಸಿದಾಗ ಒಂದು ಗಳಿಗೆ ಪಾಪ ಅನಿಸಿತು. ಆಮೇಲೆ ಟವೆಲ್ ನೆನಪಾಯಿತು, ಪಾಪ ಹೊರಟುಹೋಯಿತು. ಅವರ ಭಯಕ್ಕೆ ಕಾರಣ ಇರಬಹುದು, ಆದರೆ ಅದರ ಬಾಡಿಗೆಯನ್ನೂ ನಾವೇ ಕಟ್ಟಬೇಕಾ?

ಗುರುವಾರ ಒಂದು ಮೆಸೇಜ್ ಬರೆದೆ. ಬರೆದು, ಅಳಿಸಿ, ಮತ್ತೆ ಬರೆದು. "ಗೌರವಾನ್ವಿತ" ಅಂತ ಶುರುವಾದದ್ದು ಕೊನೆಗೆ ಇಷ್ಟಕ್ಕೆ ನಿಂತಿತು: "ಸರ್, ನಮಸ್ಕಾರ. ಇನ್ನು ಮುಂದೆ ಮನೆಗೆ ಬರುವ ಹಿಂದಿನ ದಿನ ಒಂದು ಮೆಸೇಜ್ ಹಾಕಿ. ನಾವು ಮನೆಯಲ್ಲಿರುತ್ತೇವೆ. ಚಾವಣಿಯ ಸೋರಿಕೆಯ ಫೋಟೋ ಕಳಿಸಿದ್ದೇನೆ, ದಯವಿಟ್ಟು ಸರಿ ಮಾಡಿಸಿ." ಫೋಟೋ ಜೊತೆಗೆ ಬಕೆಟ್ಟೂ ಬಂದಿತ್ತು, ಇರಲಿ ಅಂತ ಬಿಟ್ಟೆ. ಬಾಯಲ್ಲಿ ಹೇಳದೆ ಬರೆದೇ ಕಳಿಸು ಅಂದದ್ದು ಗೆಳತಿ. ನಾಳೆ ಅಡ್ವಾನ್ಸ್ ಲೆಕ್ಕಕ್ಕೆ ಕೂತಾಗ ತಾರೀಕಿನ ಸಮೇತ ಕೈಯಲ್ಲಿರುತ್ತದೆ. ಮೊಳೆ ತೂತುಗಳ ಫೋಟೋವನ್ನೂ ತೆಗೆದಿಟ್ಟುಕೊಂಡೆ.

ನೀಲಿ ಟಿಕ್ ಬಂತು. ಉತ್ತರ ಇಲ್ಲ. ಅರ್ಧ ಗಂಟೆ ನನಗೆ ಕೆಲಸ ಓಡಲಿಲ್ಲ. ಆಮೇಲೆ ಫೋನೇ ಬಂತು.

"ಏನಮ್ಮಾ, ಮೆಸೇಜ್ ಎಲ್ಲಾ ಹಾಕ್ತೀರಿ? ಬಾಯಲ್ಲಿ ಹೇಳಿದ್ರೆ ಆಗ್ತಿರ್ಲಿಲ್ವಾ?"

"ಮರ್ತು ಹೋಗಬಾರ್ದು ಅಂತ ಸರ್."

"ಯಾರಿಗೆ, ನಿಮಗಾ ನನಗಾ?"

"ಇಬ್ಬರಿಗೂ ಸರ್."

ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಗೊಂಚಲಿನ ಸದ್ದು ಮಾತ್ರ ಕೇಳಿಸಿದ ಹಾಗಾಯಿತು, ನನ್ನ ಭ್ರಮೆ ಇರಬಹುದು. ಆಮೇಲೆ, "ಪ್ಲಂಬರ್‌ನ ಕಳಿಸ್ತೀನಿ, ಶನಿವಾರ ಇರ್ತೀರಾ?" ಅಂದರು. ಇರ್ತೀರಾ ಅಂತ ಕೇಳಿದರು! ನಾನು ಇರ್ತೀವಿ ಸರ್ ಅಂದೆ. ಶನಿವಾರ ಪ್ಲಂಬರ್ ಬರಲಿಲ್ಲ ಅನ್ನುವುದು ಬೇರೆ ವಿಷಯ.

ಮುಂದಿನ ತಿಂಗಳು ಅಗ್ರಿಮೆಂಟ್ ರಿನ್ಯೂ ಆಗಬೇಕು. ಟೈಪ್ ಮಾಡಿಸುವ ಕೆಲಸ ಪ್ರತಿ ಸಲವೂ ನಮ್ಮದೇ. ಈ ಸಲ ನಾನು ಒಂದು ಸಾಲು ಸೇರಿಸಿದ್ದೇನೆ, ಒಂದು ದಿನ ಮೊದಲು ತಿಳಿಸಿಯೇ ಮಾಲೀಕರು ಮನೆಯೊಳಗೆ ಬರಬೇಕು ಅಂತ. ನನ್ನ ಗಂಡ ಓದಿ ನೋಡಿ, "ಇದನ್ನ ಕೊನೇ ಪುಟಕ್ಕೆ ಹಾಕು, ಅಲ್ಲೀವರೆಗೆ ಅವರು ಓದಲ್ಲ" ಅಂದರು. ನಾನು ಮೊದಲ ಪುಟದಲ್ಲೇ, ಬಾಡಿಗೆ ಎಷ್ಟು ಅಂತ ಬರೆದಿರುತ್ತಲ್ಲ, ಅದರ ಕೆಳಗೇ ಹಾಕಿಸಿದ್ದೇನೆ. ಅದನ್ನಂತೂ ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ.