ಬೆರಳ ತುದಿಯ ಉಪ್ಪು

ಇಂದು ಪ್ರಯೋಗಾಲಯದಲ್ಲಿ ಜ್ವಾಲೆಯ ಬೆಳಕಿನಿಂದ ಧಾತುವಿನ ಪ್ರಮಾಣ ಅಳೆಯುವ ಫ್ಲೇಮ್ ಫೋಟೋಮೀಟರ್ ಎಂಬ ಉಪಕರಣದ ಮುಂದೆ ಕುಳಿತು ಬಾವಿ ನೀರಿನ ಸೋಡಿಯಂ ಅಳೆಯುತ್ತಿದ್ದೆ.

ಬಟ್ಟಿ ಇಳಿಸಿದ ನೀರಿಟ್ಟು ಸೊನ್ನೆಗೆ ಹೊಂದಿಸಿಯಾಗಿತ್ತು. ಆದರೆ ಅದೇ ನೀರನ್ನು ಮತ್ತೊಮ್ಮೆ ಇಟ್ಟಾಗ ನೀಲಿ ಜ್ವಾಲೆಯ ಅಂಚಿನಲ್ಲಿ ಹಳದಿ ಮಿಂಚಿ, ಅಂಕಿ ಮೇಲೇರಿತು. ನೀರನ್ನು ಹೀರುವ ಸಣ್ಣ ನಳಿಕೆಯ ತುದಿಯನ್ನು ನಾನು ಬರಿಗೈಯಲ್ಲಿ ಒರೆಸಿದ್ದೆ. ಬೆರಳಿನ ಬೆವರಿನಲ್ಲಿದ್ದ ಉಪ್ಪು ಅಷ್ಟಕ್ಕೇ ಸಾಕಾಗಿತ್ತು.

ಜ್ವಾಲೆಯ ಶಾಖಕ್ಕೆ ಮೇಲಿನ ಮಟ್ಟಕ್ಕೇರಿದ ಸೋಡಿಯಂನ ಎಲೆಕ್ಟ್ರಾನು ಮರಳಿ ಕೆಳಗಿಳಿಯುವಾಗ ಸುಮಾರು 589 ನ್ಯಾನೋಮೀಟರಿನ ಹಳದಿ ಬೆಳಕನ್ನು ಹೊಮ್ಮಿಸುತ್ತದೆ ಎಂಬುದನ್ನು ಪರೀಕ್ಷೆಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಅದನ್ನು ನನ್ನದೇ ಬೆರಳಿನ ಉಪ್ಪಿನಲ್ಲಿ ಕಂಡಾಗ ಮೈ ಜುಮ್ಮೆಂದಿತು.

1860ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಬುನ್ಸೆನ್ ಮತ್ತು ಕಿರ್ಖಾಫ್ ಎಂಬ ವಿಜ್ಞಾನಿಗಳು ಕೋಣೆಯ ದೂರದ ಮೂಲೆಯೊಂದರಲ್ಲಿ 3 ಮಿಲಿಗ್ರಾಂ ಸೋಡಿಯಂ ಕ್ಲೋರೇಟನ್ನು ಸಿಡಿಸಿ, ಕೆಲವೇ ನಿಮಿಷಗಳಲ್ಲಿ ಇನ್ನೊಂದು ಕಡೆಯ ಜ್ವಾಲೆ ಹಳದಿಯಾದುದನ್ನು ಕಂಡಿದ್ದರು. ಮಿಲಿಗ್ರಾಮಿನ ಮೂವತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಕಡಿಮೆ ಸೋಡಿಯಂ ಕಣ್ಣಿಗೆ ಕಾಣುತ್ತದೆಂದು ಅವರು ಲೆಕ್ಕ ಹಾಕಿದರು. ಅದೇ ವಿಧಾನದಿಂದ ಖನಿಜಯುಕ್ತ ನೀರಿನಲ್ಲಿ ಸೀಸಿಯಂ ಎಂಬ ಹೊಸ ಧಾತುವನ್ನೂ ಕಂಡುಹಿಡಿದರು. ಒಂದು ಜ್ವಾಲೆ, ಒಂದು ಪಟ್ಟಕ, ಎರಡು ಜೋಡಿ ಕಣ್ಣುಗಳಿಂದ ಇಷ್ಟೆಲ್ಲ ಸಾಧ್ಯವಾಯಿತೆಂಬುದನ್ನು ನೆನೆದಾಗ ನನಗೆ ಈಗಲೂ ಅಚ್ಚರಿಯಾಗುತ್ತದೆ.

ನಳಿಕೆಯನ್ನು ಮೂರು ಸಲ ತೊಳೆದ ಮೇಲೆ ಜ್ವಾಲೆ ಪೂರ್ತಿ ನೀಲಿಯಾಯಿತು, ಅಂಕಿ ಸೊನ್ನೆಗೆ ಬಂದು ನಿಂತಿತು. ಆ ಮೊದಲಿನ ಅಂಕಿಯನ್ನೂ, ಅದು ಬಂದ ಕಾರಣವನ್ನೂ ದಾಖಲೆ ಪುಸ್ತಕದಲ್ಲಿ ಹಾಗೆಯೇ ಬರೆದಿಟ್ಟಿದ್ದೇನೆ.