ತಲಪಾಡಿ ದಾಟದ ಪಿಸ್ತೂಲು

ನಮ್ಮ ಕಡೆಯವರಿಗೆ ಆಸ್ಪತ್ರೆ, ಕಾಲೇಜು, ಮದುವೆ ಜವಳಿ ಎಲ್ಲದಕ್ಕೂ ಮಂಗಳೂರೇ. ಕಾಸರಗೋಡಿನಿಂದ ಸುಮಾರು ಐವತ್ತು ಕಿಲೋಮೀಟರು. ಆದರೆ ಮಾವನ ಕಿಸೆ ಪಿಸ್ತೂಲನ್ನು ರಿಪೇರಿಗೆ ಒಯ್ಯುವ ದಿನ ಕಾರು ತೆಂಕಕ್ಕೆ ತಿರುಗಿತು, ಹೆಚ್ಚುಕಡಿಮೆ ಎರಡು ಪಾಲು ದೂರದ ಕಣ್ಣೂರಿಗೆ. ಲೈಸನ್ಸು ಸಲ್ಲುವುದು ಕೇರಳದೊಳಗೆ ಮಾತ್ರ. ಕರ್ನಾಟಕದ ಗಡಿ ತಲಪಾಡಿ ದಾಟಿದರೆ ಅದೇ ಪಿಸ್ತೂಲು ಅಕ್ರಮ.

ಅಜ್ಜ ಅದಕ್ಕೆ ಲೈಸನ್ಸು ಮಾಡಿಸಿದ್ದು ಮಂಗಳೂರಿನಲ್ಲೇ! ಆಗ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು. 1956ರ ನವೆಂಬರ್ 1ಕ್ಕೆ ಕೇರಳವಾಯಿತು. ಮಾವನ ಹೆಸರಿಗೆ ಬರುವಾಗ ಕಣ್ಣೂರು ಕಲೆಕ್ಟರರ ಮೊಹರು ಬಿತ್ತು. 1984ರಲ್ಲಿ ಕಾಸರಗೋಡೇ ಜಿಲ್ಲೆಯಾದ ಮೇಲೆ ನವೀಕರಣಕ್ಕೆ ಅಲ್ಲಿನ ಕಲೆಕ್ಟರ್ ಕಚೇರಿ ಇರುವ ವಿದ್ಯಾನಗರ. ಹಳೆಯ ಕಾಗದ ಒಂದನ್ನೂ ಮಾವ ಬಿಸಾಡಿಲ್ಲ.

ಅಡಕೆ ತೋಟದವರಿಗೆ ಕೋವಿ ಬೇಕು, ಹಂದಿ ಇದೆ, ಮಂಗ ಇದೆ. ಅಂಗೈಯಲ್ಲಿ ಅಡಗುವ ಪಿಸ್ತೂಲು ಯಾಕೆ? ಅಜ್ಜ ಘಟ್ಟದ ಮೇಲೆ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದಾಗ ಆಳುಗಳ ಸಂಬಳದ ಹಣ ತರುವ ದಾರಿಗೆಂದು ಕೊಂಡದ್ದಂತೆ. ಗುಂಡು ಹಾರಿಸಿದ್ದನ್ನು ಕಂಡವರು ಮನೆಯಲ್ಲಿ ಯಾರೂ ಇಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಬಂದೂಕಿನ ಬದಲು ಎರಡೇ ಎಂದಾದಾಗ ಮಾವ ಕೊಟ್ಟುಬಿಟ್ಟದ್ದು ಕೇಪಿನ ಕೋವಿಯನ್ನು. ಅತ್ತೆಗೆ ಆ ಸಿಟ್ಟು ಇನ್ನೂ ಇಳಿದಿಲ್ಲ. "ಹಂದಿ ಓಡಿಸುವುದನ್ನು ಕೊಟ್ರು, ಆಟದ ಸಾಮಾನು ಇಟ್ಟುಕೊಂಡ್ರು" ಅಂತ ಹೋದವರು ಬಂದವರಿಗೆಲ್ಲ ಹೇಳುತ್ತಾರೆ. ಎರಡೇ ಇಟ್ಟುಕೊಳ್ಳಬಹುದಾದ ದೇಶದಲ್ಲಿ ಪಿಸ್ತೂಲು ಸಂಗ್ರಹದ ಹುಚ್ಚು ಇರುವವನು ಏನು ಮಾಡಬೇಕು? ಮಾವ ಪುಸ್ತಕ ಓದುತ್ತಾರೆ, ಹಳೆಯ ಕ್ಯಾಟಲಾಗುಗಳ ಪ್ರತಿ ತರಿಸುತ್ತಾರೆ.

ರಿಪೇರಿ ಅಂದದ್ದು ತುಕ್ಕಿನ ಸಲುವಾಗಿ. ಅಜ್ಜನ ಕಾಲದಿಂದಲೂ ಅದು ತೊಗಲಿನ ಚೀಲದೊಳಗೇ ಇತ್ತು. ನಮ್ಮ ಮಳೆಗಾಲದ ಆಟಿ ತಿಂಗಳ ಥಂಡಿಯನ್ನು ತೊಗಲು ಹೀರಿ ಹಿಡಿದುಕೊಳ್ಳುತ್ತದೆ, ತೊಗಲು ಹದ ಮಾಡಲು ಹಾಕಿದ ಒಗರೂ ಕಬ್ಬಿಣಕ್ಕೆ ಆಗದು. ಒಂದು ಮಗ್ಗುಲು ಪೂರಾ ಕೆಂಪಾಗಿತ್ತು. ಹಿಡಿಯ ಕರಿ ಹೊದಿಕೆಯೂ ಬಿರುಕು ಬಿಟ್ಟಿತ್ತು. ಇಂಥ ಕೆಲಸ ಲೈಸನ್ಸು ಇರುವ ಬಂದೂಕು ರಿಪೇರಿಯವರೇ ಮಾಡಬೇಕು, ಮನೆಯಲ್ಲಿ ಸ್ಕ್ರೂ ಡ್ರೈವರ್ ಹಿಡಿದು ಕೂರುವ ಹಾಗಿಲ್ಲ. 'ಹಳೆಯದಲ್ವಾ, ಲೈಸನ್ಸೇ ಬೇಡ' ಎನ್ನುವವರು ಬೇಕಾದಷ್ಟಿದ್ದಾರೆ. 1959ರ ಆಯುಧ ಕಾಯ್ದೆಯಲ್ಲಿ ಹಳೆಯದಕ್ಕೆ ವಿನಾಯಿತಿ ಇರುವುದು ಹೌದು, ಆದರೆ ರಿಪೇರಿ ಮಾಡಿದರೂ ಗುಂಡು ಹಾರದ ಸ್ಥಿತಿಯಲ್ಲಿದ್ದರೆ ಮಾತ್ರ.

ಕಣ್ಣೂರಿನ ಮೇಸ್ತ್ರಿ ಮೊದಲು ಕೇಳಿದ್ದು ಕಾಗದ. ಅದನ್ನು ಸಾವಕಾಶ ಓದಿ, ಪಿಸ್ತೂಲಿನ ನಂಬರಿಗೆ ತಾಳೆ ನೋಡಿ, ಖಾಲಿಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಅದನ್ನು ಬಟ್ಟೆಯ ಮೇಲಿಟ್ಟರು. ಮಾವ ಮಲಯಾಳದಲ್ಲಿ ಹೆಮ್ಮೆಯಿಂದ ಶುರುಮಾಡಿದರು: ಬೆಲ್ಜಿಯಂನದ್ದು, ಬೇಬಿ ಬ್ರೌನಿಂಗ್, ಬಹಳ ಅಪರೂಪ. ಮೇಸ್ತ್ರಿ ಹಿಡಿಯ ಹಿಂಬದಿಯ ಪಟ್ಟಿಯನ್ನು ಹೆಬ್ಬೆರಳಿನಲ್ಲಿ ಒತ್ತಿ ತೋರಿಸಿದರು. ಅಂಗೈ ಒತ್ತದೆ ಗುಂಡು ಹೊರಡದಂತೆ ತಡೆಯುವ ಪಟ್ಟಿ ಅದು. 1930ರ ದಶಕದ ಆರಂಭದಲ್ಲಿ ಬಂದ ಬೇಬಿಗೆ ಅದಿಲ್ಲ. ಇದು ಅದಕ್ಕೂ ಹಿಂದಿನದು, ಅಮೆರಿಕದ ಜಾನ್ ಬ್ರೌನಿಂಗ್ ವಿನ್ಯಾಸ ಮಾಡಿದ 1906ರ ಮಾದರಿ. ಉದ್ದ 11 ಸೆಂಟಿಮೀಟರು ಚಿಲ್ಲರೆ, 6.35 ಮಿಲಿಮೀಟರಿನ ಗುಂಡು, ಗುಂಡು ತುಂಬುವ ಮ್ಯಾಗಜೀನಿಗೆ ಆರು. ಲಿಯೇಜ್ ಪಕ್ಕದ ಹೆರ್ಸ್ಟಾಲಿನ ಎಫ್‌ಎನ್ ಕಾರ್ಖಾನೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದೆ. ಅಪರೂಪ ಹೇಗಾದೀತು?

ಮಾವನ ಮುಖ ನೋಡಬೇಕಿತ್ತು. 1914ರಲ್ಲಿ ಸರಾಯೆವೋದಲ್ಲಿ ಆಸ್ಟ್ರಿಯಾದ ಯುವರಾಜನಿಗೆ ಹೊಡೆದದ್ದೂ ಅದೇ ಕಾರ್ಖಾನೆಯ ಪಿಸ್ತೂಲಿನಿಂದ ಎಂದು ತಮ್ಮ ಓದನ್ನು ಸೇರಿಸಿದರು. ಮೇಸ್ತ್ರಿ ತಲೆಯಾಡಿಸಿದರು, ಅದು 1910ರ ಮಾದರಿ, ಬೇರೆಯದು.

ಹೊಸದರ ಹಾಗೆ ಕಾಣುವಂತೆ ಉಜ್ಜಿ ನೀಲಿ ಬಣ್ಣ ಹಿಡಿಸಿಕೊಡಿ ಎಂದು ಮಾವ ಕೇಳಿದಾಗ ಬಂದ ಉತ್ತರ ಒಂದೇ: "ವೇಂಡ", ಬೇಡ. ನೀಲಿ ಅನ್ನುವುದು ಬಳಿದ ಬಣ್ಣವಲ್ಲ, ಉಕ್ಕಿನ ಮೈಯ ಮೇಲೆಯೇ ಕಟ್ಟಿಸಿದ ತೆಳುವಾದ ಆಕ್ಸೈಡ್ ಪದರ. ಮತ್ತೆ ಕಟ್ಟಿಸಬೇಕಾದರೆ ಮೊದಲು ಉಜ್ಜಬೇಕು. ಉಜ್ಜಿದರೆ ಹೆರ್ಸ್ಟಾಲಿನ ಅಕ್ಷರಗಳ ಅಂಚು ಸವೆಯುತ್ತದೆ, ಲಿಯೇಜಿನ ಪರೀಕ್ಷೆಯ ಮುದ್ರೆಯೂ ಮಸುಕಾಗುತ್ತದೆ. ಎಣ್ಣೆ ಹಾಕಿ ನೆನೆಯಲು ಬಿಟ್ಟು, ಕಂಚಿನ ನಯವಾದ ನಾರಿನಿಂದ ತುಕ್ಕಿನ ಹುಡಿಯನ್ನಷ್ಟೇ ಎತ್ತಿದರು. ಬೆರಳಿನ ಭಾರವೂ ಬೀಳದಷ್ಟು ಹಗುರ ಕೈ. ಎದುರು ಕುಳಿತು ನೋಡುತ್ತಿದ್ದ ನನಗೇ 'ಇನ್ನೊಂಚೂರು ಉಜ್ಜಿ' ಎನ್ನುವಷ್ಟು ಕೈ ತುರಿಸುತ್ತಿತ್ತು. ತುಕ್ಕು ತಿಂದು ಗುಳಿಬಿದ್ದ ಕಡೆ ಗುಳಿ ಹಾಗೆಯೇ ಉಳಿಯಿತು.

ಹಿಡಿಯ ಹೊದಿಕೆ ಪ್ಲಾಸ್ಟಿಕ್ ಅಂತ ನಾನು ತಿಳಿದಿದ್ದೆ. ಗಟ್ಟಿ ರಬ್ಬರಂತೆ. ನಮ್ಮ ಗುಡ್ಡದಲ್ಲಿ ಚಿಪ್ಪು ಕಟ್ಟಿ ಇಳಿಸುವ ಅದೇ ಹಾಲಿಗೆ ಗಂಧಕ ಜಾಸ್ತಿ ಹಾಕಿ ಬೇಯಿಸಿದರೆ ಮರದಷ್ಟು ಗಟ್ಟಿಯಾಗುತ್ತದೆ. ಬಿಸಿಲು ತಾಗಿದರೆ ಕಂದಾಗುತ್ತದೆ. ನಮ್ಮದರ ಒಂದು ಮಗ್ಗುಲಿನ ಹೊದಿಕೆ ಕಪ್ಪು, ಇನ್ನೊಂದು ಕಾಫಿ ಬಣ್ಣ. ಬಿರುಕನ್ನು ಒಳಮೈಯಿಂದ ಅಂಟು ಹಾಕಿ ಸೇರಿಸಿದರು, ಬಣ್ಣ ಹಚ್ಚಲಿಲ್ಲ. ಸ್ಪ್ರಿಂಗು ಬದಲಿಸುವ ಮಾತು ಬಂದಾಗ, ಹಾರಿಸುವುದಿಲ್ಲ ಅಂದ ಮೇಲೆ ಅದರ ಗೊಡವೆ ಬೇಡ ಎಂದರು. ತೊಗಲಿನ ಚೀಲವನ್ನು ಬೇರೆಯೇ ಇಡಲು ಹೇಳಿದರು.

ಹೊರಡುವಾಗ ಮೇಸ್ತ್ರಿ ಅಜ್ಜನ ಕಾಲದ ಕಾಗದವನ್ನು ಇನ್ನೊಮ್ಮೆ ಕೇಳಿ ನೋಡಿದರು. ಪಿಸ್ತೂಲುಗಳು ಬೇಕಾದಷ್ಟು ಬರುತ್ತವೆ, ಮಂಗಳೂರಿನ ಈ ಕಾಗದ ಜೊತೆಗಿರುವುದು ತಮಗೆ ಇದೇ ಮೊದಲು ಎಂದರು. ಅಪರೂಪ ಎಂಬ ಮಾತು ಕಡೆಗೂ ಸಿಕ್ಕಿತೆಂದು ಮಾವ ಪಯ್ಯನ್ನೂರು ಬರುವವರೆಗೂ ಅದನ್ನೇ ಆಡಿದರು.

ಈಗ ಮುಂದಿನ ಕಥೆ ಶುರುವಾಗಿದೆ. ಎಪ್ಪತ್ತು ದಾಟಿದವರು ತಮ್ಮ ಆಯುಧವನ್ನು ವಾರಸುದಾರರಿಗೆ ದಾಟಿಸಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಮಾವನ ಮಗಳು ಇರುವುದು ಬೆಂಗಳೂರಿನಲ್ಲಿ. ಲೈಸನ್ಸಿಗೆ ಅರ್ಜಿ ಹಾಕುತ್ತೇನೆ, ಆದರೆ ಆ ಹಳೆಯ ಕಾಗದವೂ ನನಗೇ ಬರಬೇಕು ಎಂದು ಅವಳ ಪಟ್ಟು. ಪಿಸ್ತೂಲು ಕೊಡಲು ಮಾವ ತಯಾರು, ಕಾಗದದ ವಿಷಯದಲ್ಲಿ ಇನ್ನೂ ಬಾಯಿಬಿಟ್ಟಿಲ್ಲ.